ವಿಷ ಸೇರಿದ ಗದ್ದೆಗೆ ಬತ್ತದ ಬೀಜವನ್ನು ಆರಿಸುವ ಕ್ರಮ

ಕೆಟ್ಟ ಭೂಮಿಯಲ್ಲಿ ಪೈರು ಸೊರಗದೆ ನಿಂತರೆ ರೈತನು ಸಂತೋಷಪಡುವುದು ಸಹಜವೇ ಸರಿ. ಆದರೆ ಕ್ಯಾಡ್ಮಿಯಂ ಎಂಬ ಲೋಹವು ಸೇರಿದ ಗದ್ದೆಗಳಲ್ಲಿ ಈ ಸಂತೋಷವು ಮೋಸಕರವಾದುದು. ಬತ್ತವು ಆ ವಿಷವನ್ನು ಸಹಿಸಿಕೊಂಡು ಹಸುರಾಗಿಯೇ ಬೆಳೆದು ಅದನ್ನು ಕಾಳಿನಲ್ಲಿ ತುಂಬಬಲ್ಲುದು. ಆದಕಾರಣ ಸಹಿಷ್ಣುತೆಯೊಂದನ್ನೇ ನೋಡಿ ಬೀಜವನ್ನಾರಿಸುವುದು ತಪ್ಪು.

ಜಪಾನ್ ದೇಶದ ತೊಯಾಮಾ ಪ್ರಾಂತ್ಯದಲ್ಲಿ, ಜಿಂಜೂ ನದಿಯ ಬಯಲಿನವರು ಇದರ ಫಲವನ್ನು ಉಂಡರು. ಮೇಲ್ಭಾಗದ ಕಾಮಿಯೋಕಾ ಗಣಿಯ ಕ್ಯಾಡ್ಮಿಯಂ ನದಿಯಿಂದ ಗದ್ದೆಗೂ ಗದ್ದೆಯಿಂದ ಅನ್ನಕ್ಕೂ ಸೇರಿ, ಮೂತ್ರಪಿಂಡಗಳು ಕೆಟ್ಟು ಮೂಳೆಗಳು ಮೆತ್ತಗಾಗಿ ಮುರಿಯುವ ರೋಗವು ಹಬ್ಬಿತು. ನೋವಿನ ಕೂಗೇ ಹೆಸರಾಗಿ, ಜನರು ಅದನ್ನು ‘ಇತಾಯಿ-ಇತಾಯಿ’ ಎಂದರು. 1968ರಲ್ಲಿ ಅಲ್ಲಿನ ಸರಕಾರವು ಗಣಿಯ ಮಾಲಿನ್ಯವೇ ಕಾರಣವೆಂದು ಒಪ್ಪಿತು.

ತೆನೆ ಹಾಯುವ ಕಾಲದಲ್ಲಿ ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಕಾಳಿಗೇರುವ ಕ್ಯಾಡ್ಮಿಯಂ ಕಡಿಮೆಯಾಗುವುದುಂಟು. ಆದರೆ ಅದೇ ನಿಂತ ನೀರಿನಿಂದ ಆರ್ಸೆನಿಕ್ ಎಂಬ ಪಾಷಾಣದ ಅಂಶವು ಹೆಚ್ಚುತ್ತದೆ.

ಆದುದರಿಂದ ವಿದ್ವಾಂಸರು ಬೀಜದ ಕಡೆಗೆ ತಿರುಗಿದರು. ‘ಕೊಶಿಹಿಕಾರಿ’ ಎಂಬ ಪ್ರಸಿದ್ಧ ತಳಿಯ ಮೇಲೆ ಇಂಗಾಲದ ಅಯಾನುಗಳ ಕಿರಣವನ್ನು ಹಾಯಿಸಿ, ಅದರ ಸಂತತಿಯಿಂದ ಶೋಧಿಸಿದ ಮೂರು ಮಾರ್ಪಟ್ಟ ತಳಿಗಳನ್ನು 2012ರಲ್ಲಿ ಪ್ರಕಟಪಡಿಸಿದರು. ಮೂಲ ತಳಿಯ ಕಿಲೋಗ್ರಾಂ ಕಾಳಿನಲ್ಲಿ ಸರಾಸರಿ 1.73 ಮಿಲಿಗ್ರಾಂ ಕ್ಯಾಡ್ಮಿಯಂ ಇದ್ದರೆ, ಇವುಗಳಲ್ಲಿ 0.05ಕ್ಕಿಂತಲೂ ಕಡಿಮೆ. ಪಾಲಿಷ್ ಅಕ್ಕಿಗೆ ಅಂತರರಾಷ್ಟ್ರೀಯ ಮಿತಿಯು 0.4. ಬೇರು ಮ್ಯಾಂಗನೀಸನ್ನು ಹೀರುವ ದ್ವಾರದಿಂದಲೇ ಈ ವಿಷವೂ ನುಸುಳುವುದು. ಆ ದ್ವಾರವನ್ನು ನಿರ್ಮಿಸುವ ಜೀನು ಕೆಟ್ಟುದೇ ಇಲ್ಲಿ ಲಾಭವಾಯಿತು!

ಈ ಗುಣವು ಸುಪ್ತವಾದುದು. ತಂದೆತಾಯಿಗಳಿಬ್ಬರ ಕಡೆಯಿಂದಲೂ ಬಂದಲ್ಲದೆ ಪ್ರಕಟವಾಗದು. ಬೇರೆ ತಳಿಯೊಡನೆ ಸಂಕರ ಮಾಡಿದಾಗ ಅದನ್ನು ಒಂದೇ ಕಡೆಯಿಂದ ಪಡೆದ ಸಸಿಯೂ, ಪಡೆಯದ ಸಸಿಯೂ ನೋಟಕ್ಕೆ ಒಂದೇ. ಕಾಳನ್ನು ಪರೀಕ್ಷಿಸಿದರೂ ಭೇದ ತಿಳಿಯದು. ಆದರೆ ಎಲೆಯ ಚೂರಿನಿಂದ ಡಿಎನ್‌ಎ ತೆಗೆದು, ಜೀನು ಬದಲಾದ ಗುರುತನ್ನು ನೋಡಿದರೆ ಸಸಿಮಡಿಯಲ್ಲಿಯೇ ಗೊತ್ತಾಗುತ್ತದೆ. ಹೀಗೆ ಸಂಕರಿಸಿ ‘ಅಕಿತಾಕೊಮಾಚಿ’ಗೆ ಈ ಗುಣವನ್ನು ಸೇರಿಸಿದ ತಳಿಯು 2025ರಲ್ಲಿ ಅಕಿತಾ ಪ್ರಾಂತ್ಯದ ಗದ್ದೆಗಳಿಗೆ ಬಂದಿತು.

ಇದರಲ್ಲಿ ಕುಂದಿಲ್ಲವೆಂದಲ್ಲ. ಮ್ಯಾಂಗನೀಸು ಸಾಲದ ನೆಲದಲ್ಲಿ ಎಲೆಗೆ ಕಂದುಚುಕ್ಕೆ ರೋಗವು ಹೆಚ್ಚಾಗಬಹುದು. ನೆಲದ ವಿಷವಂತೂ ನೆಲದಲ್ಲಿಯೇ ಉಳಿಯುವುದು. ಗಣಿ ಕಾರ್ಖಾನೆಗಳ ನೀರು ಹಾಯುವ ಜಮೀನುಳ್ಳವರೂ, ಅಂಥ ಗ್ರಾಮಗಳ ಮುಖಂಡರೂ ಪೈರಿನ ಹಸುರನ್ನು ನಂಬದೆ ಮಣ್ಣನ್ನೂ ಕಾಳನ್ನೂ ಪರೀಕ್ಷೆಗೆ ಕಳುಹಿಸತಕ್ಕದ್ದು. ಗದ್ದೆಗೆ ನೀರು ಒಳಬರುವ ಮಡೆಯ ಬಳಿಯ ಮಣ್ಣನ್ನು ಬೇರೆಯಾಗಿಯೇ ಕಟ್ಟಿ ಕಳುಹಿಸಬೇಕು. ಜಿಂಜೂ ಬಯಲಿನಲ್ಲಿ ವಿಷವು ಹೆಚ್ಚಾಗಿ ಸಿಕ್ಕಿದ್ದು ಅಲ್ಲಿಯೇ.