ಋತುಬಂಧ, ಹಾರ್ಮೋನು ಚಿಕಿತ್ಸೆ ಮತ್ತು ರೋಗನಿರೋಧಕ ಶಕ್ತಿ

ಮಾಲೇಕಲ್ಲು ಬೆಟ್ಟದ ಮೆಟ್ಟಿಲುಗಳನ್ನು ನಿರಾಯಾಸವಾಗಿ ಏರುತ್ತಿದ್ದ ತಾಯಂದಿರು ಐವತ್ತರ ಆಸುಪಾಸಿನಲ್ಲಿ ಅರ್ಧ ದಾರಿಯಲ್ಲೇ ಕುಳಿತುಬಿಡುವುದುಂಟು. ಕೀಲುನೋವು, ಮೈಬಿಸಿ, ನಿದ್ರಾಹೀನತೆ, ಮೇಲಿಂದ ಮೇಲೆ ಕಾಡುವ ಉರಿಮೂತ್ರ ಇವೆಲ್ಲವನ್ನೂ ‘ವಯಸ್ಸಾಯಿತು’ ಎಂಬ ಒಂದೇ ಮಾತಿನಲ್ಲಿ ಮುಚ್ಚಿಬಿಡುವುದು ರೂಢಿ. ಇವುಗಳ ಹಿಂದೆ ಋತುಬಂಧದ ಪಾತ್ರವೂ ಇರಬಹುದು.

ಸತತ 12 ತಿಂಗಳು ಮುಟ್ಟು ಕಾಣಿಸದಿದ್ದರೆ ಅದು ಋತುಬಂಧ. ಭಾರತೀಯ ಸ್ತ್ರೀಯರಲ್ಲಿ ಇದು ಸಾಮಾನ್ಯವಾಗಿ 46–47ರ ವಯಸ್ಸಿನಲ್ಲಿ ಸಂಭವಿಸುತ್ತದೆ. ಆಗ ಅಂಡಾಶಯಗಳು ಸ್ರವಿಸುವ ಈಸ್ಟ್ರೋಜೆನ್ ತೀರಾ ಕುಗ್ಗುತ್ತದೆ. ಈ ಹಾರ್ಮೋನಿನ ಕಾರ್ಯ ಗರ್ಭಕೋಶಕ್ಕಷ್ಟೇ ಸೀಮಿತವಲ್ಲ. ರೋಗಾಣುಗಳೊಡನೆ ಹೋರಾಡುವ ಬಿಳಿಯ ರಕ್ತಕಣಗಳೂ ಇದರ ಸಂದೇಶವನ್ನು ಗ್ರಹಿಸುತ್ತವೆ. ಅದು ಕುಗ್ಗಿದಾಗ ದೇಹದಲ್ಲಿ ಉರಿಯೂತವನ್ನು ಉಂಟುಮಾಡುವ ರಾಸಾಯನಿಕಗಳು ಹೆಚ್ಚುತ್ತವೆ. ಮೂಳೆ ಸವೆಯುವುದಕ್ಕೆ ಇದೂ ಒಂದು ಕಾರಣ. ಜನನಾಂಗದಲ್ಲಿ ಕಾವಲಿರುವ ಉಪಕಾರಿ ಸೂಕ್ಷ್ಮಜೀವಿಗಳೂ ಕ್ಷೀಣಿಸಿ, ಮೂತ್ರದ ಸೋಂಕಿಗೆ ದಾರಿಯಾಗುತ್ತದೆ.

ಹಾರ್ಮೋನು ಚಿಕಿತ್ಸೆಯಲ್ಲಿ ಈಸ್ಟ್ರೋಜೆನ್ ಅನ್ನು ಹೊರಗಿನಿಂದ ನೀಡಲಾಗುತ್ತದೆ. ಗರ್ಭಕೋಶವಿರುವವರಿಗೆ ಅದರ ಒಳಪದರದ ರಕ್ಷಣೆಗಾಗಿ ಪ್ರೊಜೆಸ್ಟರಾನ್ ಕೂಡ ಅವಶ್ಯಕ. ಇದರಿಂದ ಮೈಬಿಸಿ ಶಮನವಾಗುತ್ತದೆ, ಮೂಳೆಯ ಸವೆತ ತಗ್ಗುತ್ತದೆ. ಜನನಾಂಗಕ್ಕೆ ಲೇಪಿಸುವ ಈಸ್ಟ್ರೋಜೆನ್ ಮುಲಾಮು ಉಪಕಾರಿ ಜೀವಿಗಳನ್ನು ಮರಳಿ ಬೆಳೆಸಿ, ಪದೇ ಪದೇ ಬರುವ ಸೋಂಕನ್ನು ಕಡಿಮೆ ಮಾಡುತ್ತದೆ.

ಹಾಗೆಂದು ಇದು ರೋಗನಿರೋಧಕ ಶಕ್ತಿಯ ಟಾನಿಕ್ ಅಲ್ಲ. ನುಂಗುವ ಮಾತ್ರೆ ಯಕೃತ್ತಿನ ಮೂಲಕ ಸಾಗುವುದರಿಂದ ಉರಿಯೂತದ ಸೂಚಕವೊಂದು ರಕ್ತದಲ್ಲಿ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚುತ್ತದೆ. ಚರ್ಮಕ್ಕೆ ಅಂಟಿಸುವ ಪಟ್ಟಿಯಲ್ಲಿ ಈ ತೊಂದರೆ ಕಡಿಮೆ. ರಕ್ಷಣಾ ವ್ಯವಸ್ಥೆಯೇ ಸ್ವಂತ ದೇಹದ ಮೇಲೆ ತಿರುಗಿಬೀಳುವ ಲೂಪಸ್ ಕಾಯಿಲೆಯಲ್ಲಿ ಹೆಚ್ಚಿನ ಎಚ್ಚರ ಬೇಕು. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ಚಿಕಿತ್ಸೆ ಪಡೆದ ಲೂಪಸ್ ರೋಗಿಗಳಲ್ಲಿ ಕಾಯಿಲೆ ಸೌಮ್ಯದಿಂದ ಮಧ್ಯಮ ಪ್ರಮಾಣದಲ್ಲಿ ಕೆರಳುವುದು ಹೆಚ್ಚಿತ್ತು.

2002ರಲ್ಲಿ ಅಮೆರಿಕದ ಬೃಹತ್ ಅಧ್ಯಯನವೊಂದು ಸ್ತನ ಕ್ಯಾನ್ಸರ್, ಪಾರ್ಶ್ವವಾಯುಗಳ ಅಪಾಯವನ್ನು ತೋರಿಸಿದಾಗ ಹಲವರು ಈ ಚಿಕಿತ್ಸೆಯನ್ನೇ ತೊರೆದರು. ತೀವ್ರ ತೊಂದರೆಯಿದ್ದು, ಬೇರೆ ಕಾಯಿಲೆಯಿಲ್ಲದವರು 60ರೊಳಗೆ ಅಥವಾ ಋತುಬಂಧವಾದ 10 ವರ್ಷಗಳೊಳಗೆ ಆರಂಭಿಸಿದರೆ ಸಾಮಾನ್ಯವಾಗಿ ಲಾಭವೇ ಹೆಚ್ಚೆಂಬುದು ಇಂದಿನ ತಿಳಿವಳಿಕೆ. ಎಳೆಯ ವಯಸ್ಸಿನಲ್ಲೇ ಅಂಡಾಶಯಗಳನ್ನು ತೆಗೆಸಿಕೊಂಡವರಂತೂ ಈ ಕುರಿತು ವೈದ್ಯರನ್ನು ತಪ್ಪದೆ ವಿಚಾರಿಸಬೇಕು.

ಅರಸೀಕೆರೆಯ ತಾಲ್ಲೂಕು ಆಸ್ಪತ್ರೆಗಾಗಲಿ ಹಾಸನದ ಸ್ತ್ರೀರೋಗ ತಜ್ಞರಲ್ಲಿಗಾಗಲಿ ಹೋದಾಗ ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ್ದು, ಯಕೃತ್ತಿನ ಕಾಯಿಲೆ, ಲೂಪಸ್, ಕಾರಣ ತಿಳಿಯದ ರಕ್ತಸ್ರಾವ ಇವುಗಳಲ್ಲಿ ಯಾವುದಿದ್ದರೂ ಸಂಕೋಚವಿಲ್ಲದೆ ಮೊದಲೇ ತಿಳಿಸಬೇಕು. ನೆರೆಮನೆಯವರಿಗೆ ಒಗ್ಗಿದ ಮಾತ್ರೆ ನಮಗೂ ಒಗ್ಗೀತೆಂದು ನಂಬಿ ನುಂಗುವುದು ಸಲ್ಲದು.