ಎಲ್ಲ ಮಾತಿಗೂ ಒಂದೇ ತಕ್ಕಡಿಯೇ?



ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿ ಮುಗಿದು, ದಾಸೋಹದ ಪಂಕ್ತಿ ಎದ್ದ ಮೇಲೆ, ಆವರಣದ ಅರಳಿಕಟ್ಟೆಯಲ್ಲಿ ಇನ್ನೊಂದು ಗೋಷ್ಠಿ ತಾನಾಗಿಯೇ ಕೂಡುತ್ತದೆ. ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳ ಸದ್ಭಕ್ತರು ಅಲ್ಲಿರುತ್ತಾರೆ. ಒಬ್ಬರು ಸೌರವಿದ್ಯುತ್ ಸ್ಥಾವರದ ಮಾತೆತ್ತುತ್ತಾರೆ, ಇನ್ನೊಬ್ಬರು ಹೊಸ ಜಿಲ್ಲೆಯ ಬೇಡಿಕೆಯನ್ನು, ಮತ್ತೊಬ್ಬರು ಮಂಡಿನೋವಿನ ಮದ್ದನ್ನು. ಕೊನೆಗೆ ಮಾತು ಯಾರದೋ ಮನೆಯ ಹೆಣ್ಣುಮಗಳ ಮದುವೆಯ ಬಳಿ ಬಂದು ನಿಲ್ಲುತ್ತದೆ. ಎಲ್ಲರಿಗೂ ಎಲ್ಲ ವಿಷಯಗಳಲ್ಲಿ ಖಚಿತವಾದ ಅಭಿಪ್ರಾಯವಿದೆ. ಕೈಯಲ್ಲಿರುವ ಮೊಬೈಲು ಎರಡೂ ಪಕ್ಷಗಳಿಗೆ ಸಾಕ್ಷಿ ಒದಗಿಸುತ್ತದೆ.

ಈಚೆಗೆ ಅಲ್ಲಿದ್ದ ತರುಣನೊಬ್ಬನು ನನ್ನನ್ನು ಕೇಳಿದನು: “ಸರ್, ಅಭಿಪ್ರಾಯ ಹೇಳುವ ಹಕ್ಕು ಎಲ್ಲರಿಗೂ ಇದೆ ಎನ್ನುತ್ತೀರಿ. ಹಾಗಾದರೆ ಎಲ್ಲರ ಅಭಿಪ್ರಾಯಕ್ಕೂ ಒಂದೇ ಬೆಲೆ ಇರಬೇಕಲ್ಲವೇ?” ಆ ಹೊತ್ತಿಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಆನಂತರ ಯೋಚಿಸಿದಾಗ ತೋಚಿದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಮಾತನಾಡುವ ಹಕ್ಕು ಎಲ್ಲರಿಗೂ ಸಮಾನ, ಅದರಲ್ಲಿ ಸಂಶಯವಿಲ್ಲ. ಆಡಿದ ಮಾತಿನ ತೂಕ ಮಾತ್ರ ವಿಷಯದಿಂದ ವಿಷಯಕ್ಕೆ ಬೇರೆಯಾಗುತ್ತದೆ. ಚಿನ್ನ ತೂಗುವ ತಕ್ಕಡಿಯಲ್ಲಿ ಯಾರೂ ಸೌದೆ ತೂಗುವುದಿಲ್ಲ. ಆರೋಗ್ಯ, ತಂತ್ರಜ್ಞಾನ, ರಾಜಕಾರಣ, ವೈಯಕ್ತಿಕ ಬದುಕು ಈ ನಾಲ್ಕಕ್ಕೂ ನಾಲ್ಕು ತಕ್ಕಡಿಗಳು ಬೇಕು. ನಮ್ಮ ಅನೇಕ ಜಗಳಗಳು ತಕ್ಕಡಿ ಅದಲುಬದಲಾದುದರಿಂದಲೇ ಹುಟ್ಟುತ್ತವೆ.

ಆರೋಗ್ಯ: ಪರೀಕ್ಷೆಯ ಮಾತು ಹಿರಿದು

ಮೊದಲು ನನ್ನದೇ ತಪ್ಪನ್ನು ಹೇಳಿಕೊಳ್ಳುವುದು ಒಳಿತು. ಹಲವು ವರ್ಷಗಳ ಹಿಂದೆ ಪಾವಗಡ ಕಡೆಯ ಭಕ್ತರೊಬ್ಬರು ತಮ್ಮ ಹೊಲದ ಕೊಳವೆಬಾವಿಯ ನೀರನ್ನು ಮನೆಗೆ ಬಳಸಬಹುದೇ ಎಂದು ವಿಚಾರಿಸಿದರು. ನಾನು ಒಂದು ಲೋಟ ಕುಡಿದು ನೋಡಿದೆ. ತಿಳಿಯಾಗಿತ್ತು, ಸಿಹಿಯಾಗಿತ್ತು. “ಇಷ್ಟು ಒಳ್ಳೆಯ ನೀರನ್ನು ಬಿಟ್ಟು ಹಣ ಕೊಟ್ಟು ಕ್ಯಾನ್ ತರುವುದೇಕೆ?” ಎಂದೆ. ಅವರು ನನ್ನ ಮಾತನ್ನು ನಂಬಿದರು. ಕೆಲವು ವರ್ಷಗಳ ಬಳಿಕ ಅವರ ಮೊಮ್ಮಗಳು ಮಠಕ್ಕೆ ಬಂದಾಗ ಬಾಯಿಗೆ ಕೈ ಅಡ್ಡವಿಟ್ಟುಕೊಂಡು ನಗುತ್ತಿದ್ದಳು. ಹೊಸ ಹಲ್ಲುಗಳ ಮೇಲೆ ಕಂದು ಕಲೆಗಳಿದ್ದವು. ಆಮೇಲೆ ಪರೀಕ್ಷೆ ಮಾಡಿಸಿದಾಗ ನೀರಿನಲ್ಲಿ ಫ್ಲೋರೈಡ್ ಮಿತಿಗಿಂತ ಹೆಚ್ಚಿದ್ದುದು ತಿಳಿಯಿತು. ನನ್ನ ಎಂ.ಎ. ಪದವಿಯಾಗಲಿ, ಕಾರ್ಯದರ್ಶಿ ಎಂಬ ಸ್ಥಾನವಾಗಲಿ ಆ ಒಂದು ಮಾತಿಗೆ ಯಾವ ಅರ್ಹತೆಯನ್ನೂ ಕೊಟ್ಟಿರಲಿಲ್ಲ.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಗೆಗೆ ತಿಳಿಯುವ ರುಚಿಯೂ ಇಲ್ಲ. ನಮ್ಮ ಸೀಮೆಯ ಕಗ್ಗಲ್ಲಿನ ಪದರಗಳಲ್ಲಿರುವ ಖನಿಜಗಳಿಂದ ಅದು ಅಂತರ್ಜಲಕ್ಕೆ ಇಳಿಯುತ್ತದೆ. ಕೆರೆಬಾವಿಗಳು ಬತ್ತಿ ಆಳದ ನೀರನ್ನೇ ನೆಚ್ಚಿಕೊಂಡ ಮೇಲೆ ಪಾವಗಡ ಮೊದಲಾದ ಕಡೆ ಈ ತೊಂದರೆ ಬಲಿಯಿತು. ಭಾರತೀಯ ಮಾನದಂಡದಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂ ಕೊನೆಯ ಮಿತಿ. ಹಲ್ಲು ರೂಪುಗೊಳ್ಳುವ ಎಳವೆಯಲ್ಲಿ ಇದು ಹೆಚ್ಚಾದರೆ ಹಲ್ಲಿನ ಮೇಲೆ ಕಲೆ ಬೀಳುತ್ತದೆ. ದೀರ್ಘಕಾಲ ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದರೆ ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಸಾಂದ್ರತೆ ಏರುತ್ತದೆ. ಊರಿನ ಶುದ್ಧ ನೀರಿನ ಘಟಕದಲ್ಲಿಯೂ ಪೊರೆಯನ್ನು ಕಾಲಕಾಲಕ್ಕೆ ಬದಲಾಯಿಸದಿದ್ದರೆ ಫಲವಿಲ್ಲ. ಆದ್ದರಿಂದ ಇಲ್ಲಿ ಹಿರಿಯರ ನಾಲಗೆಗಿಂತ ಪ್ರಯೋಗಾಲಯದ ಚೀಟಿ ದೊಡ್ಡದು. ಗ್ರಾಮ ಪಂಚಾಯತಿಯ ಮೂಲಕ ನೀರಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿ ಎಂಬುದು ನನ್ನ ಪ್ರಾರ್ಥನೆ.

“ನಾನು ಕಣ್ಣಾರೆ ಕಂಡಿದ್ದೇನೆ” ಎಂಬ ವಾದವೂ ಇದೆ. ಹಾವಿನ ಕಡಿತದ ವಿಷಯದಲ್ಲಿ ಇದನ್ನು ಹೆಚ್ಚಾಗಿ ಕೇಳುತ್ತೇವೆ. ನಾಟಿ ಮದ್ದು ಕೊಡುವವರು ಹತ್ತು ಜನರಿಗೆ ಕೊಟ್ಟರು, ಎಂಟು ಜನ ಬದುಕಿದರು ಎನ್ನುತ್ತಾರೆ. ಅದು ಸುಳ್ಳಾಗಿರಬೇಕಿಲ್ಲ. ನಮ್ಮ ಹೊಲಗಳಲ್ಲಿ ಕಚ್ಚುವ ಹಾವುಗಳಲ್ಲಿ ಅನೇಕವು ವಿಷರಹಿತ. ವಿಷದ ಹಾವು ಕಚ್ಚಿದರೂ ಪ್ರತಿ ಸಲವೂ ವಿಷ ಇಳಿಸುವುದಿಲ್ಲ. ಮದ್ದು ಕೊಡದಿದ್ದರೂ ಬದುಕುತ್ತಿದ್ದವರು ಬದುಕಿದರು, ಹೆಸರು ಮದ್ದಿಗೆ ಬಂದಿತು. ನಿಜವಾಗಿ ವಿಷವೇರಿದವನು ಮಾತ್ರ ಆ ನಂಬಿಕೆಗಾಗಿ ಅಮೂಲ್ಯವಾದ ಒಂದೆರಡು ಗಂಟೆಗಳನ್ನು ಕಳೆದುಕೊಳ್ಳುತ್ತಾನೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಆಸ್ಪತ್ರೆಯಲ್ಲಿ ಒಂದೇ ಪ್ರತಿವಿಷದ ಚುಚ್ಚುಮದ್ದಿದೆ. ಕಚ್ಚಿದ ಭಾಗವನ್ನು ಅಲುಗಾಡಿಸದೆ, ಬಿಗಿಯಾಗಿ ಕಟ್ಟದೆ, ಕೊಯ್ಯದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಹೀಗೆಂದ ಮಾತ್ರಕ್ಕೆ ಗಿಡಮೂಲಿಕೆಯ ಪರಂಪರೆಯನ್ನು ಹಳಿದಂತಾಗುವುದಿಲ್ಲ. ಔಷಧೀಯ ಸಸ್ಯಗಳಿಗೆ ಹೆಸರಾದ ಸಿದ್ಧರಬೆಟ್ಟ ಇರುವುದು ನಮ್ಮ ಕೊರಟಗೆರೆ ತಾಲ್ಲೂಕಿನಲ್ಲಿಯೇ. ಆದರೆ “ಸೊಪ್ಪುಸದೆಯಿಂದ ಕೆಡುಕಾಗದು” ಎಂಬ ಮಾತು ನಿಲ್ಲುವಂಥದಲ್ಲ. ಹಾವಿನ ವಿಷಕ್ಕೆಂದು ಹಳ್ಳಿಗಳಲ್ಲಿ ಹೆಸರಾದ ಈಶ್ವರಿ ಬಳ್ಳಿಯ ಜಾತಿಯ ಸಸ್ಯಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಅದು ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ ಎಂಬುದು ಸಿದ್ಧಪಟ್ಟ ಸಂಗತಿ.

ತಂತ್ರಜ್ಞಾನ: ಯಾರ ಹೊಲ, ಯಾರ ಕೂಲಿ?

ಪಾವಗಡದ ಸೌರ ಉದ್ಯಾನ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಅರಳಿಕಟ್ಟೆಯಲ್ಲಿ ಎಂದೂ ಮುಗಿದಿಲ್ಲ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಈ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸ್ಥಾವರ ನಿಂತಿದೆ. ಇಲ್ಲಿ ರೈತರು ಭೂಮಿಯನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆ ಎಂಬುದು ಒಪ್ಪಂದ.

ಈ ಲೆಕ್ಕವನ್ನು ಮೂರು ಮನೆಗಳಿಗೆ ಹಂಚಿ ನೋಡೋಣ. ಇಪ್ಪತ್ತು ಎಕರೆಯವರಿಗೆ ಮಳೆಯ ಹಂಗಿಲ್ಲದೆ ವರ್ಷಕ್ಕೆ 4,20,000 ರೂಪಾಯಿ ಬಂದಿತು. ಎರಡು ಎಕರೆಯವರಿಗೆ ಬಂದದ್ದು 42,000, ಎಂದರೆ ತಿಂಗಳಿಗೆ 3,500. ಆ ಹೊಲಗಳಲ್ಲಿ ಕಡಲೆಕಾಯಿ ಕೀಳಲು ಹೋಗುತ್ತಿದ್ದ, ಬೀಳುಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದ ಭೂರಹಿತರಿಗೆ ಗುತ್ತಿಗೆಯಿಂದ ಒಂದು ಕಾಸೂ ಇಲ್ಲ. ಮೂವರೂ ತಮ್ಮ ತಮ್ಮ ಮಟ್ಟಿಗೆ ಸತ್ಯವನ್ನೇ ಆಡುತ್ತಾರೆ. “ಊರು ಉದ್ಧಾರವಾಯಿತು”, “ಊರು ಹಾಳಾಯಿತು” ಎಂಬ ಎರಡು ಅಭಿಪ್ರಾಯಗಳ ನಡುವೆ ಮೂರನೆಯ ಮನೆಯ ದನಿ ಕೇಳಿಸದೆ ಹೋಗುತ್ತದೆ.

ಇದೇ ವಾದದಲ್ಲಿ ಅಳೆದು ತಿಳಿಯಬಹುದಾದ ಪ್ರಶ್ನೆಗಳೂ ಬೆರೆತಿವೆ. ಫಲಕಗಳಿಂದ ಮಳೆ ಹೋಯಿತು ಎನ್ನುವವರು ಪಾವಗಡದ ಬರಗಾಲ ಫಲಕಗಳಿಗಿಂತ ಬಹಳ ಹಳೆಯದೆಂಬುದನ್ನು ನೆನೆಯಬೇಕು. ಸೆಕೆ ಹೆಚ್ಚಿತು ಎಂಬ ದೂರನ್ನು ಹಾಗೆ ತಳ್ಳಿಹಾಕಲಾಗದು. ಅಮೆರಿಕದ ಅರಿಜೋನಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸ್ಥಾವರದ ಮೇಲಿನ ಗಾಳಿ ರಾತ್ರಿಯ ವೇಳೆ ಸುತ್ತಲಿನ ಬಯಲಿಗಿಂತ 3ರಿಂದ 4 ಡಿಗ್ರಿ ಬೆಚ್ಚಗಿತ್ತೆಂದು ತೋರಿಸಿತು. ಆ ಮರುಭೂಮಿಯ ಅಂಕಿಯನ್ನು ತಂದು ತಿರುಮಣಿಗೆ ಅಂಟಿಸುವಂತಿಲ್ಲ. ತಿರುಮಣಿಯ ಸೆಕೆಯನ್ನು ತಿರುಮಣಿಯಲ್ಲಿಯೇ ಅಳೆಯಬೇಕು. ಹಾಗೆ ಅಳೆಯಿರಿ ಎಂದು ಒತ್ತಾಯಿಸುವುದು ಜಗಳಕ್ಕಿಂತ ಉಪಯುಕ್ತ. ತಂತ್ರಜ್ಞಾನದ ಮಾತಿಗೆ ಎರಡು ತೂಕದ ಕಲ್ಲುಗಳು: ಅಳೆಯಬಹುದಾದುದಕ್ಕೆ ಅಳತೆ, ಲಾಭನಷ್ಟಕ್ಕೆ ಅದನ್ನು ಹೊರುವವನ ಮಾತು.

ರಾಜಕಾರಣ: ಇಲ್ಲಿ ಎಲ್ಲರೂ ಸಮಾನರು

ಮಧುಗಿರಿ ಕಂದಾಯ ಜಿಲ್ಲೆಯಾಗಬೇಕೆಂಬುದು ಹಳೆಯ ಬೇಡಿಕೆ. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿ.ಮೀ. ದೂರ. ಒಂದು ಸಹಿಗಾಗಿ ಇಡೀ ದಿನ ಕಳೆಯುವ ಕಷ್ಟ ನಿಜವಾದುದು. ಶಿರಾದವರು ತಮ್ಮ ಊರೇ ಕೇಂದ್ರವಾಗಲಿ ಎನ್ನುತ್ತಾರೆ. ಬೆಂಗಳೂರಿನ ನಂಟು ಹೆಚ್ಚಿರುವ ಕೊರಟಗೆರೆಯವರಲ್ಲಿ ಕೆಲವರಿಗೆ ತುಮಕೂರೇ ಅನುಕೂಲ. ದೂರ ಎಷ್ಟು, ಖರ್ಚು ಎಷ್ಟು ಎಂಬುದಕ್ಕೆ ಲೆಕ್ಕವಿದೆ. ಯಾವುದು ಮೊದಲಾಗಬೇಕು ಎಂಬುದಕ್ಕೆ ಯಾವ ಪ್ರಯೋಗಾಲಯವೂ ಉತ್ತರ ಕೊಡದು. ಅದು ಕೂಡಿ ಬಾಳುವವರು ಕೂಡಿ ನಿರ್ಣಯಿಸಬೇಕಾದ ವಿಷಯ. ಅಲ್ಲಿ ವೈದ್ಯರ ಮತಕ್ಕೂ ಕೂಲಿಕಾರನ ಮತಕ್ಕೂ ಸಂವಿಧಾನ ಒಂದೇ ಬೆಲೆ ಕಟ್ಟಿದೆ. ಆರೋಗ್ಯದ ತಕ್ಕಡಿಯನ್ನು ಇಲ್ಲಿಗೆ ತಂದು “ಓದಿದವರು ಮಾತನಾಡಲಿ, ನೀವು ಸುಮ್ಮನಿರಿ” ಎನ್ನುವುದು ಅನ್ಯಾಯ. ನಮಗೆ ವಿರುದ್ಧವಾಗಿ ಮತ ಹಾಕಿದವನೂ ಅದೇ ಪಂಕ್ತಿಯಲ್ಲಿ ಕುಳಿತು ಅದೇ ಪ್ರಸಾದ ಸ್ವೀಕರಿಸುತ್ತಾನೆ ಎಂಬುದನ್ನು ನಾವು ಮರೆಯಬಾರದು.

ವೈಯಕ್ತಿಕ ಆಯ್ಕೆ: ಬಾಳುವವರ ಮಾತೇ ಕೊನೆಯದು

ಯಾರು ಯಾರನ್ನು ವರಿಸಬೇಕು, ಗಂಡನನ್ನು ಕಳೆದುಕೊಂಡ ತಾಯಿ ಕುಂಕುಮ ಇಡಬೇಕೇ, ಮಗಳು ನರ್ಸಿಂಗ್ ಓದಲು ಬೆಂಗಳೂರಿಗೆ ಹೋಗಬೇಕೇ ಎಂಬ ವಿಷಯಗಳಲ್ಲಿ ಕಟ್ಟೆಯ ಮಾತು ಅತ್ಯಂತ ಜೋರು, ಅದರ ತೂಕ ಅತ್ಯಂತ ಕಡಿಮೆ. ನಮ್ಮ ಸಲಹೆಯಂತೆ ನಡೆದು ಬಾಳು ಕೆಟ್ಟರೆ ಆ ದುಃಖದಲ್ಲಿ ನಾವು ಪಾಲು ಪಡೆಯುವುದಿಲ್ಲ. ಇಬ್ಬರು ವಯಸ್ಕರು ಒಪ್ಪಿ ಮದುವೆಯಾಗಲು ಕುಟುಂಬದ ಅಥವಾ ಸಮುದಾಯದ ಅನುಮತಿ ಅಗತ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿತು. 2021ರ ಫೆಬ್ರುವರಿಯಲ್ಲಿ ಕರ್ನಾಟಕದ ಪ್ರಕರಣವೊಂದರಲ್ಲಿ ಅದನ್ನೇ ಪುನರುಚ್ಚರಿಸಿತು.

ಇಲ್ಲಿ ಒಂದು ಗೆರೆಯನ್ನು ಸ್ಪಷ್ಟವಾಗಿ ಎಳೆಯಬೇಕು. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುವುದು “ನಮ್ಮ ಮನೆಯ ವಿಷಯ” ಆಗುವುದಿಲ್ಲ. ಅದು ಇನ್ನೊಬ್ಬರ ಬಾಳಿನ ಮೇಲೆ ಹೇರಿದ ನಿರ್ಣಯ, 2006ರ ಕಾಯ್ದೆಯಂತೆ ಅಪರಾಧ. ಅಲ್ಲಿ ಸುಮ್ಮನಿರುವುದೇ ತಪ್ಪು. 1098ಕ್ಕೆ ಕರೆ ಮಾಡುವುದು ನೆರೆಯವರ ಕರ್ತವ್ಯ.

ಪ್ರಶ್ನೆ ಕೇಳಲೇಬಾರದೆಂದು ನಮ್ಮ ಪರಂಪರೆ ಹೇಳಿಲ್ಲ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಆಕೆಯ ನಿಲುವನ್ನು ಕಠೋರವಾಗಿಯೇ ಪ್ರಶ್ನಿಸಿದುದನ್ನು ಶೂನ್ಯಸಂಪಾದನೆ ನಿರೂಪಿಸುತ್ತದೆ. ಆದರೆ ಆ ಪ್ರಶ್ನೆಗಳು ಆಕೆಯ ಎದುರಿನಲ್ಲಿ ನಡೆದವು. ಉತ್ತರಿಸುವ ಅವಕಾಶ ಆಕೆಗಿತ್ತು. ಉತ್ತರ ಕೇಳಿದ ಮೇಲೆ ಪ್ರಭುಗಳೂ ಶರಣರೂ ಆಕೆಯ ನಿಲುವಿಗೆ ತಲೆಬಾಗಿದರು. ಅನುಭವ ಮಂಟಪದ ಚರ್ಚೆಗೂ ಅರಳಿಕಟ್ಟೆಯ ಚರ್ಚೆಗೂ ಇರುವ ಅಂತರ ಇದೇ: ಇಲ್ಲಿ ನಾವು ಯಾರ ಬಗ್ಗೆ ಮಾತನಾಡುತ್ತೇವೆಯೋ ಅವರು ಅಲ್ಲಿರುವುದಿಲ್ಲ.

ಮುಂದೆ ಕಳುಹಿಸುವ ಬೆರಳು

ತೂಗದೆ ಆಡಿದ ಮಾತು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ದಾರುಣ ನಿದರ್ಶನವಿದೆ. 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ವದಂತಿಯನ್ನು ನಂಬಿದ ಗುಂಪು, ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದವರ ತಂಡವನ್ನು ಬೆನ್ನಟ್ಟಿ ಹೊಡೆಯಿತು. ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಸಂದೇಶ ಕಳುಹಿಸಿದವರಲ್ಲಿ ಹೆಚ್ಚಿನವರು ಕಲ್ಲನ್ನು ಕೈಯಿಂದ ಮುಟ್ಟಿರಲಿಲ್ಲ. ಊರಿಗೆ ಒಳಿತು ಮಾಡುತ್ತಿದ್ದೇವೆಂದೇ ಅವರು ಭಾವಿಸಿದ್ದಿರಬೇಕು. ನಾನು ನೀರಿನ ಲೋಟ ಹಿಡಿದು ಮಾತನಾಡಿದಾಗಲೂ ಹಾಗೆಯೇ ಭಾವಿಸಿದ್ದೆ.

ಆದುದರಿಂದ ಮಾತನಾಡುವ, ಕಳುಹಿಸುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಇದು ಪರೀಕ್ಷಿಸಿ ತಿಳಿಯಬಹುದಾದುದೇ? ಹಾಗಿದ್ದರೆ ಪರೀಕ್ಷೆ ಆಗಿದೆಯೇ? ಇದರ ಫಲವನ್ನು ಹೊರುವವರು ಯಾರು, ಅವರ ಮಾತನ್ನು ಕೇಳಿದ್ದೇನೆಯೇ? ಇದು ಎಲ್ಲರೂ ಸೇರಿ ನಿರ್ಣಯಿಸಬೇಕಾದುದೇ? ಹಾಗಿದ್ದರೆ ಎದುರಿನವನ ಮಾತಿಗೂ ನನ್ನ ಮಾತಿನಷ್ಟೇ ಸ್ಥಳ ಬಿಟ್ಟಿದ್ದೇನೆಯೇ? ಇದು ಒಬ್ಬರ ಬಾಳಿಗೆ ಮಾತ್ರ ಸೇರಿದುದೇ? ಹಾಗಿದ್ದರೆ ಅವರು ನನ್ನನ್ನು ಕೇಳಿದ್ದಾರೆಯೇ?

ಆ ಮೊಮ್ಮಗಳು ಈಗ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಕಳೆದ ಬಾರಿ ಮಠಕ್ಕೆ ಬಂದಾಗ, ಅಂದು ನಾನು ಆಡಿದ ಮಾತಿಗಾಗಿ ಕ್ಷಮೆ ಕೇಳಿದೆ. “ಅದಿರಲಿ ಅಜ್ಜಾರೆ, ನಿಮ್ಮ ಮಠದ ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಿದ್ದೀರಾ?” ಎಂದು ಆಕೆ ಮರುಪ್ರಶ್ನೆ ಹಾಕಿದಳು. ಮಾಡಿಸಿರಲಿಲ್ಲ. ಮರುದಿನವೇ ಕಳುಹಿಸಿದೆವು. ಇದೀಗ ಅದರ ವರದಿಯನ್ನು ದಾಸೋಹ ಮನೆಯ ಗೋಡೆಗೆ ಅಂಟಿಸಲಾಗಿದೆ. ಪಂಕ್ತಿಗೆ ಬರುವ ಸದ್ಭಕ್ತರು ಓದಿಕೊಳ್ಳಬೇಕೆಂದು ವಿನಂತಿ.



ಕಾರ್ಯದರ್ಶಿ, ಶ್ರೀಮಠ