ಕಾಳಿಗೆ ಸತುವು, ಕೂಸಿಗೆ ಬಲ

ತಟ್ಟೆ ತುಂಬ ಚಪಾತಿ ಉಂಡೆದ್ದ ಮಗುವನ್ನು ಕಂಡು ನಾವು ನೆಮ್ಮದಿಪಡುತ್ತೇವೆ. ಆದರೆ ಹೊಟ್ಟೆ ತುಂಬಿದ ಮಾತ್ರಕ್ಕೆ ದೇಹದ ಕೊರತೆ ನೀಗುವುದಿಲ್ಲ. 1958ರಲ್ಲಿ ಇರಾನಿನ ಶಿರಾಜ್ ನಗರದಲ್ಲಿ, ಭಾರತ ಮೂಲದ ವೈದ್ಯ ಡಾ. ಆನಂದ ಪ್ರಸಾದ್ ಅವರ ಬಳಿಗೆ 21 ವರ್ಷದ ಯುವಕನೊಬ್ಬ ಬಂದ. ನೋಡಲು ಅವನು ಹತ್ತು ವರ್ಷದ ಬಾಲಕನಂತಿದ್ದ. ಅವನ ಊಟದಲ್ಲಿ ಗೋಧಿ ರೊಟ್ಟಿಯೇ ಪ್ರಧಾನ. ಇಂಥ ಕುಂಠಿತ ಬೆಳವಣಿಗೆಗೆ ಸತುವಿನ ಕೊರತೆ ಕಾರಣವಿರಬಹುದೆಂದು 1961ರಲ್ಲಿ ಅವರು ಸೂಚಿಸಿದರು. ಮುಂದೆ ಈಜಿಪ್ಟಿನಲ್ಲಿ ನಡೆಸಿದ ಅಧ್ಯಯನ ಅದನ್ನು ದೃಢಪಡಿಸಿತು.

ಗೋಧಿಯಲ್ಲಿ ಸತುವು ಇಲ್ಲವೇ? ಇದೆ, ಆದರೆ ಅಲ್ಪ. ಇದ್ದ ಅಲ್ಪವನ್ನೂ ಕಾಳಿನಲ್ಲಿರುವ ಫೈಟಿಕ್ ಆಮ್ಲವು ಹಿಡಿದಿಟ್ಟು, ದೇಹಕ್ಕೆ ಪೂರ್ತಿಯಾಗಿ ದಕ್ಕಗೊಡುವುದಿಲ್ಲ.

ಮಣ್ಣೇ ಬಡವಾಗಿದ್ದರೆ ಕಾಳು ಸಿರಿವಂತವಾಗುವುದೆಂತು? ತುರ್ಕಿಯ ಮಧ್ಯ ಅನಟೋಲಿಯಾ ಇದಕ್ಕೆ ನಿದರ್ಶನ. ಅಲ್ಲಿನದು ಸುಣ್ಣದ ಅಂಶ ಹೆಚ್ಚಿರುವ, ಮಳೆ ಕಡಿಮೆಯ, ಸಾವಯವ ಸತ್ತ್ವ ಸಾಲದ ಕ್ಷಾರ ಭೂಮಿ. ಇಂಥಲ್ಲಿ ಸತುವು ಬೇರಿಗೆ ಎಟುಕದು. 1990ರ ದಶಕದಲ್ಲಿ ಪ್ರೊ. ಇಸ್ಮಾಯಿಲ್ ಚಕ್‌ಮಕ್ ಮತ್ತು ಸಂಗಡಿಗರು ಅಲ್ಲಿ ಸತುವಿನ ಸಲ್ಫೇಟ್ ಪ್ರಯೋಗಿಸಿದರು. ಮಣ್ಣಿಗೆ ಹಾಕಿದಾಗ ಇಳುವರಿ ಗಣನೀಯವಾಗಿ ಏರಿತು. ಮಣ್ಣಿಗೂ ಎಲೆಗೂ ಕೊಟ್ಟಾಗ ಕಾಳಿನ ಸತುವು ಮೂರು ಪಟ್ಟಿಗೂ ಮೀರಿ ಹೆಚ್ಚಿತು.

ಭಾರತವೂ ಸೇರಿದಂತೆ ಏಳು ದೇಶಗಳಲ್ಲಿ ನಡೆದ ಪರೀಕ್ಷೆಗಳ ವರದಿ 2012ರಲ್ಲಿ ಪ್ರಕಟವಾಯಿತು. ಎಲೆಗೆ ಸಿಂಪಡಿಸಿದಾಗ ಒಂದು ಕಿಲೋ ಕಾಳಿನಲ್ಲಿದ್ದ ಸತುವು ಸರಾಸರಿ 27 ಮಿಲಿಗ್ರಾಮಿನಿಂದ 48ಕ್ಕೆ ಏರಿತ್ತು. ಇದರಲ್ಲಿ ಕಾಲವರಿತು ನಡೆಯುವುದೇ ಮುಖ್ಯ. ತೆನೆ ಹೊರಬರುವ ಮುನ್ನ ಒಮ್ಮೆ, ಕಾಳು ಹಾಲುಗಟ್ಟುವಾಗ ಮತ್ತೊಮ್ಮೆ ಸಿಂಪಡಿಸಿದರೆ ಎಲೆಯ ಸತುವು ಕಾಳಿಗೆ ಸಾಗುತ್ತದೆ. ಸಾಮಾನ್ಯವಾಗಿ ಬಳಸುವುದು ಶೇಕಡಾ 0.5ರ ದ್ರಾವಣ, ಅಂದರೆ ಲೀಟರು ನೀರಿಗೆ ಐದು ಗ್ರಾಂ.

ಆದರೆ ಒಂದು ತೊಡಕಿದೆ. ಮಣ್ಣಿನಲ್ಲಿ ಸತುವು ಸಾಕಷ್ಟಿರುವ ಕಡೆ ಈ ಸಿಂಪಡಣೆಯಿಂದ ಇಳುವರಿ ಅಷ್ಟಾಗಿ ಏರುವುದಿಲ್ಲ. ಕಾಳಿನ ಬಣ್ಣವೂ ಬದಲಾಗದು, ರುಚಿಯೂ ಬದಲಾಗದು. ಹೀಗಿರುವಾಗ ಉಣ್ಣುವವರ ಮಕ್ಕಳ ಆರೋಗ್ಯಕ್ಕಾಗಿ ರೈತನೊಬ್ಬನೇ ವೆಚ್ಚ ಹೊರಬೇಕೆನ್ನುವುದು ನ್ಯಾಯವೇ? ಪುಷ್ಟಿಯುಳ್ಳ ಕಾಳಿಗೆ ತಕ್ಕ ಬೆಲೆ ಕೊಡುವ ಹೊಣೆ ಸಮಾಜದ್ದು, ಸರಕಾರದ್ದು.

ನಮ್ಮ ವಿಜಯಪುರ, ಬಾಗಲಕೋಟೆ, ಧಾರವಾಡ ಸೀಮೆಯ ಗೋಧಿ ಬೆಳೆಗಾರರೂ ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಸುಣ್ಣದ ಅಂಶವುಳ್ಳ ಕಪ್ಪು ಭೂಮಿಯಲ್ಲಿ ಸತುವಿನ ಕೊರತೆ ಕಾಣುವುದುಂಟು. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ತಜ್ಞರ ಸಲಹೆಯಂತೆ ಗೊಬ್ಬರ ಹಾಕುವುದು ಲೇಸು. ಸತುವಿನ ಸಲ್ಫೇಟನ್ನು ರಂಜಕದ ಗೊಬ್ಬರದೊಡನೆ ಬೆರೆಸಬಾರದು.

ತಾಯಂದಿರಿಗೂ ಒಂದು ಮಾತು. ಸತುವು ಹೆಚ್ಚಾಗಿ ಇರುವುದು ಕಾಳಿನ ಮೊಳಕೆಯ ಭಾಗದಲ್ಲಿ ಮತ್ತು ಹೊರಪದರದಲ್ಲಿ. ಮೈದಾ ಮಾಡುವಾಗ ಅದೇ ಹೊರಹೋಗುತ್ತದೆ. ಹೊಲದಲ್ಲಿ ಗಳಿಸಿದ್ದನ್ನು ಗಿರಣಿಯಲ್ಲಿ ಕಳೆದುಕೊಳ್ಳದಿರೋಣ. ಇಡೀ ಗೋಧಿಯ ಹಿಟ್ಟಿನ ಜೊತೆಗೆ ಬೇಳೆಕಾಳು, ಹಾಲು-ಮೊಸರು ಇರಲಿ. ಮಣ್ಣಿನ ಆರೋಗ್ಯವೇ ಮನೆಯ ಆರೋಗ್ಯವೆಂಬುದನ್ನು ನಾವು ಮರೆಯದಿರೋಣ.